ನಡುಗದ ಇಲಿಗಳು

ಚಳಿಗೆ ಮೈ ಯಾಕೆ ನಡುಗುತ್ತದೆ ಎಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳೂ ಹೇಳಿಯಾರು: ಸ್ನಾಯುಗಳು ಅದುರಿದರೆ ಶಾಖ ಹುಟ್ಟುತ್ತದೆ, ಆ ಶಾಖವೇ ಮೈಯನ್ನು ಬೆಚ್ಚಗಿಡುತ್ತದೆ. ಉತ್ತರ ಸರಿಯಾಗಿಯೇ ಇದೆ. ಆದರೆ 1950ರ ದಶಕದ ನಡುವಿನಲ್ಲಿ, ಕೆನಡಾದ ಒಟ್ಟಾವಾ ನಗರದ ಪ್ರಯೋಗಾಲಯವೊಂದರಲ್ಲಿದ್ದ ಇಲಿಗಳು ಈ ಉತ್ತರಕ್ಕೆ ಸೊಪ್ಪು ಹಾಕಲಿಲ್ಲ.

ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಹಾರ್ಟ್, ಎರೂ, ಡೆಪೊಕಾ ಎಂಬ ಮೂವರು ಚಳಿಯ ಬಗ್ಗೆ ಕೆಲಸ ಮಾಡುತ್ತಿದ್ದರು. ತಿಂಗಳುಗಟ್ಟಲೆ ಹಿಮದಲ್ಲಿ ಬದುಕುವ ದೇಶಕ್ಕೆ ಅದು ಬರೀ ಕುತೂಹಲದ ವಿಷಯವಾಗಿರಲಿಲ್ಲ. ಅವರು ಕೆಲವು ಇಲಿಗಳನ್ನು 30 ಡಿಗ್ರಿ ಸೆಲ್ಸಿಯಸ್ಸಿನ ಬೆಚ್ಚನೆ ಕೋಣೆಯಲ್ಲೂ ಇನ್ನು ಕೆಲವನ್ನು 6 ಡಿಗ್ರಿಯ ಥಂಡಿ ಕೋಣೆಯಲ್ಲೂ ವಾರಗಟ್ಟಲೆ ಇಟ್ಟರು. ಆಮೇಲೆ ಎರಡೂ ಗುಂಪಿನ ಇಲಿಗಳ ಸ್ನಾಯುಗಳಲ್ಲಿ ಏಳುವ ವಿದ್ಯುತ್ ಅಲೆಗಳನ್ನು, ಅವು ಉಸಿರಾಟದಲ್ಲಿ ಬಳಸುವ ಆಮ್ಲಜನಕವನ್ನು ಅಳೆದರು. ಬೆಚ್ಚನೆ ಕೋಣೆಯ ಇಲಿಗಳು ಚಳಿ ತಾಗಿದೊಡನೆ ಗಡಗಡ ನಡುಗಿದವು. ಥಂಡಿಗೆ ಒಗ್ಗಿಹೋದ ಇಲಿಗಳು ಅದೇ ಚಳಿಯಲ್ಲಿ ಹೆಚ್ಚುಕಡಿಮೆ ಸುಮ್ಮನಿದ್ದವು. ಸ್ನಾಯುಗಳಲ್ಲಿ ಅದುರಿನ ಗುರುತು ಕಡಿಮೆಯಾಗಿತ್ತು, ಆದರೆ ಆಮ್ಲಜನಕದ ಬಳಕೆ ಇಳಿದಿರಲಿಲ್ಲ. ಅಂದರೆ ಶಾಖ ಹುಟ್ಟುತ್ತಲೇ ಇತ್ತು, ನಡುಕ ಮಾತ್ರ ನಿಂತಿತ್ತು. ಹಾಗಾದರೆ ಶಾಖ ಎಲ್ಲಿಂದ ಬರುತ್ತಿದೆ?

ಸಂಶಯಕ್ಕೆ ಎಡೆಯಿಲ್ಲದಂತೆ ಇದನ್ನು ತೋರಿಸಲು ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಸಂಗಡಿಗರು ಹಿಡಿದ ದಾರಿ ಸ್ವಲ್ಪ ಕಠೋರವಾದದ್ದು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುವ ಕ್ಯುರಾರೆ ಎಂಬ ವಿಷವಿದೆ. ಅದು ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಅದನ್ನು ಕೊಟ್ಟ ಪ್ರಾಣಿ ನಡುಗುವುದಿರಲಿ, ಉಸಿರೆಳೆಯಲೂ ಆಗದೆ ಬಿದ್ದುಕೊಳ್ಳುತ್ತದೆ; ಯಂತ್ರದಿಂದ ಉಸಿರು ಕೊಟ್ಟು ಉಳಿಸಿಕೊಳ್ಳಬೇಕು. ಹೀಗೆ ನಿಶ್ಚೇಷ್ಟವಾದ ಸ್ಥಿತಿಯಲ್ಲೂ, ಚಳಿಗೆ ಒಗ್ಗಿದ ಇಲಿಗಳು ತಂಪು ತಾಗಿದಾಗ ಹೆಚ್ಚು ಆಮ್ಲಜನಕ ಸುಟ್ಟವು. ಮರುವರ್ಷ, 1957ರಲ್ಲಿ, ಇನ್ನೊಂದು ಸುಳಿವು ಸಿಕ್ಕಿತು. ಇಂಥ ಇಲಿಗೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಚುಚ್ಚಿದರೆ ಸಾಕು, ಚಳಿಯೇ ಇಲ್ಲದಿದ್ದರೂ ಮೈಯೊಳಗಿನ ಉರಿ ಏರುತ್ತದೆ. ಎಂದರೆ ಆಜ್ಞೆ ಹೋಗುವುದು ಈ ರಾಸಾಯನಿಕವನ್ನು ಸುರಿಸುವ, ನಮ್ಮ ಇಚ್ಛೆಗೆ ಸಿಗದ ಅನುವೇದಕ ನರಗಳ ಮೂಲಕ. ಆಜ್ಞೆ ಯಾವುದೆಂದು ಗೊತ್ತಾಯಿತು. ಅದನ್ನು ಪಾಲಿಸುವ ಅಂಗ ಯಾವುದೆಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಸೋಜಿಗವೆಂದರೆ ಆ ಅಂಗವನ್ನು ನಾಲ್ಕು ಶತಮಾನಗಳಿಂದ ಜನ ನೋಡುತ್ತಲೇ ಬಂದಿದ್ದರು. ಇಲಿಯ ಬೆನ್ನಿನ ಚರ್ಮ ಬಿಡಿಸಿದರೆ, ಎರಡು ಹೆಗಲೆಲುಬುಗಳ ನಡುವೆ, ಕಂದುಬಣ್ಣದ ಎರಡು ಹೋಳಿನ ಮುದ್ದೆಯೊಂದು ಎದ್ದು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವೈದ್ಯ, ಪ್ರಾಣಿಶಾಸ್ತ್ರಜ್ಞ ಕಾನ್ರಾಡ್ ಗೆಸ್ನರ್ 1551ರಲ್ಲೇ ಇದರ ಬಗ್ಗೆ ಬರೆದಿದ್ದ. ಅವನು ಕಂಡದ್ದು ಆಲ್ಪ್ಸ್ ಪರ್ವತದ ಬಿಲಗಳಲ್ಲಿ ಚಳಿಗಾಲವಿಡೀ ನಿದ್ದೆಹೋಗುವ ಮಾರ್ಮಟ್ ಪ್ರಾಣಿಯಲ್ಲಿ. ಅದನ್ನು ಕೊಬ್ಬೆಂದು ಹೇಳಲೂ ಆಗದೆ, ಮಾಂಸವೆಂದು ಹೇಳಲೂ ಆಗದೆ, ನಡುವಿನದೇನೋ ಎಂದು ದಾಖಲಿಸಿದ. ಆಮೇಲೆ ಬಂದವರಲ್ಲಿ ಕೆಲವರು ಅದನ್ನು ಥೈಮಸ್ ಗ್ರಂಥಿಯ ತುಣುಕೆಂದರು. ಚಳಿನಿದ್ದೆಯ ಪ್ರಾಣಿಗಳಲ್ಲಿ ಚೆನ್ನಾಗಿ ಕಾಣುತ್ತಿದ್ದುದರಿಂದ, ನಿದ್ದೆ ತರಿಸುವ ರಸ ಸುರಿಸುವ ಗ್ರಂಥಿಯಿರಬೇಕು ಎಂದು ಇನ್ನು ಕೆಲವರು ನಂಬಿದರು. ಆ ರಸವನ್ನು ಹುಡುಕಿದವರೂ ಇದ್ದರು. ನಿದ್ದೆ ಬರಿಸುವುದು ಅದರ ಕೆಲಸವೇ ಅಲ್ಲ. ನಿದ್ದೆಯಿಂದ ಏಳುವಾಗ ತಣ್ಣಗಾದ ಮೈಯನ್ನು ಕಾಯಿಸುವುದು ಅದರ ಕೆಲಸ. ಕಾಣುವುದು ಕಷ್ಟವಾಗಿರಲಿಲ್ಲ, ಅಳೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ.

1961ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಸ್ಮಿತ್ ಧೈರ್ಯ ಮಾಡಿ ಹೇಳಿದರು: ಚಳಿಗೆ ಒಗ್ಗಿದ ಇಲಿಯಲ್ಲಿ ಈ ಕಂದು ಕೊಬ್ಬು ಉಬ್ಬಿ ಬೆಳೆದಿರುತ್ತದೆ, ಇದು ಶಾಖ ಹುಟ್ಟಿಸುವ ಅಂಗ. ಅಲ್ಲಿಂದ ಹೊರಟ ರಕ್ತ ಬೆನ್ನುಹುರಿ, ಹೃದಯಗಳ ಕಡೆಗೆ ಹರಿಯುವ ಜೋಡಣೆ ನೋಡಿದರೆ, ಮೈಯ ಮುಖ್ಯ ಭಾಗಗಳನ್ನು ಬೆಚ್ಚಗಿಡಲೆಂದೇ ಇಟ್ಟ ವ್ಯವಸ್ಥೆಯಂತೆ ಅದು ಕಾಣುತ್ತಿತ್ತು.

ಎರಡೇ ವರ್ಷಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಮೈಕೆಲ್ ಡಾಕಿನ್ಸ್ ಮತ್ತು ಡೇವಿಡ್ ಹಲ್ ಎಂಬ ಇಬ್ಬರು ವೈದ್ಯರು ಇದೇ ಅಂಗಾಂಶವನ್ನು ಬೇರೊಂದು ಕಡೆಯಿಂದ ಹಿಡಿದರು. ಅವರ ಕಾಳಜಿ ಎಳೆಗೂಸುಗಳದ್ದು. ಹುಟ್ಟಿದ ಮಗುವಿನ ಮೈ ಒದ್ದೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಬಹಳ ಹೆಚ್ಚು. ಶಾಖ ಬೇಗ ಸೋರಿಹೋಗುತ್ತದೆ. ಆದರೂ ಅದು ದೊಡ್ಡವರಂತೆ ನಡುಗುವುದಿಲ್ಲ. ಈ ವಿಷಯದಲ್ಲಿ ಆಸ್ಪತ್ರೆಗಳು ಕಲಿತ ಪಾಠ ಕಹಿಯಾದದ್ದು. ನ್ಯೂಯಾರ್ಕಿನಲ್ಲಿ ವಿಲಿಯಂ ಸಿಲ್ವರ್‌ಮನ್ ಮತ್ತು ಜೊತೆಗಾರರು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಇಡುವ ಪೆಟ್ಟಿಗೆಗಳ ಉಷ್ಣತೆಯಲ್ಲಿ ಎರಡು–ಮೂರು ಡಿಗ್ರಿಯಷ್ಟೇ ವ್ಯತ್ಯಾಸ ಮಾಡಿ ನೋಡಿದರು. ತುಸು ಬೆಚ್ಚಗಿದ್ದ ಪೆಟ್ಟಿಗೆಗಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹೆಚ್ಚಾಗಿ ಬದುಕಿದರು. ಈ ಫಲಿತಾಂಶ 1958ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು, ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು ಎಂದೇ ಎಷ್ಟೋ ವಾರ್ಡುಗಳು ನಡೆದಿದ್ದವು. ನಮ್ಮ ಅಜ್ಜಿಯಂದಿರು ಬಾಣಂತಿ ಕೋಣೆಯ ಕಿಟಕಿಗೆ ಬಟ್ಟೆ ತುರುಕಿ, ಕೂಸಿನ ತಲೆಗೆ ಕುಲಾವಿ ಕಟ್ಟಿ, ಬಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದುದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದವರಿದ್ದಾರೆ. ಹೊಗೆಯ ಮಾತು ಬೇರೆ, ಅದು ಕೂಸಿನ ಎದೆಗೆ ಒಳ್ಳೆಯದಲ್ಲ. ಶಾಖದ ಲೆಕ್ಕದಲ್ಲಿ ಮಾತ್ರ ಅವರೇ ಗೆದ್ದರು.

ಡಾಕಿನ್ಸ್ ಮತ್ತು ಹಲ್ ತೆಗೆದುಕೊಂಡದ್ದು ಮೊಲದ ಮರಿಗಳನ್ನು. ಹುಟ್ಟಿದ ಮೊಲದ ಮರಿಯ ಕುತ್ತಿಗೆ, ಹೆಗಲಿನ ಸುತ್ತ ಕಂದು ಕೊಬ್ಬು ದಂಡಿಯಾಗಿರುತ್ತದೆ. ತಂಪು ತಾಗಿಸಿ, ಉಷ್ಣತೆ ಅಳೆಯುವ ಸೂಕ್ಷ್ಮ ತಂತಿಗಳನ್ನು ಅಲ್ಲಲ್ಲಿ ಇಟ್ಟು ನೋಡಿದಾಗ, ಉಳಿದ ಮೈ ತಣ್ಣಗಾಗುತ್ತಿದ್ದರೂ ಹೆಗಲ ನಡುವಿನ ಭಾಗ ಬೆಚ್ಚಗೇ ಉಳಿಯುತ್ತಿತ್ತು. ಶಸ್ತ್ರಕ್ರಿಯೆ ಮಾಡಿ ಆ ಕೊಬ್ಬಿನ ಹೆಚ್ಚಿನ ಪಾಲನ್ನು ತೆಗೆದುಬಿಟ್ಟರೆ, ಚಳಿಗೆ ಮರಿ ತೋರುತ್ತಿದ್ದ ಉತ್ತರವೇ ಹೊರಟುಹೋಗುತ್ತಿತ್ತು. ಎಳೆಯ ಮರಿಗಳ ಮಟ್ಟಿಗೆ ಪ್ರಶ್ನೆ ಮುಗಿಯಿತು.

ಬೆಳೆದ ಪ್ರಾಣಿಗಳ ಮಟ್ಟಿಗೆ ಮುಗಿಯಲಿಲ್ಲ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವ ಭಾಗ ಇದೇ. ಸ್ಮಿತ್ ಹೇಳಿದ್ದನ್ನು ಅಲ್ಲಗಳೆದವರು ಹಟಮಾರಿಗಳಾಗಿರಲಿಲ್ಲ, ಅವರ ಕೈಯಲ್ಲಿ ಲೆಕ್ಕವಿತ್ತು. ಬೆಳೆದ ಇಲಿಯಲ್ಲಿ ಕಂದು ಕೊಬ್ಬೆಲ್ಲ ಸೇರಿದರೂ ಮೈತೂಕದ ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಸ್ನಾಯುಗಳಾದರೋ ಮೈಯ ಅರ್ಧದ ಹತ್ತಿರ. ಅಂಗಾಂಶವೊಂದು ಎಷ್ಟು ಶಾಖ ಹುಟ್ಟಿಸಬಲ್ಲದು ಎಂಬುದಕ್ಕೆ ಮಿತಿ ಹಾಕುವುದು ಅದಕ್ಕೆ ಸಿಗುವ ಆಮ್ಲಜನಕ. ಆಮ್ಲಜನಕ ಬರುವುದು ರಕ್ತದಲ್ಲಿ. ಆದ್ದರಿಂದ ರಕ್ತ ಎಲ್ಲಿಗೆ ಎಷ್ಟು ಹೋಗುತ್ತದೆಂದು ಅಳೆದರೆ ಶಾಖದ ಮೂಲ ತಾನಾಗಿ ತಿಳಿಯುತ್ತದೆ. 1968ರಲ್ಲಿ ಯಾನ್ಸ್ಕಿ ಎಂಬ ವಿಜ್ಞಾನಿಯ ಜೊತೆ ಹಾರ್ಟ್ ಅವರೇ ಹಾಗೆ ಅಳೆದರು. ವಿಕಿರಣ ಸೂಸುವ ರುಬಿಡಿಯಂ ಲವಣವನ್ನು ರಕ್ತಕ್ಕೆ ಬಿಟ್ಟು, ಅದು ಯಾವ ಅಂಗದಲ್ಲಿ ಎಷ್ಟು ಸೇರಿಕೊಂಡಿತೆಂದು ನೋಡುವುದು ಅಂದಿನ ರೂಢಿಯ ವಿಧಾನ. ಉತ್ತರ ಬಂತು: ಹೆಚ್ಚಿನ ಶಾಖ ಸ್ನಾಯುಗಳದ್ದೇ, ಕಂದು ಕೊಬ್ಬಿನ ಕೊಡುಗೆ ಅಲ್ಪ. ನಡುಗದ ಸ್ನಾಯು ಶಾಖ ಹೇಗೆ ಹುಟ್ಟಿಸುತ್ತದೆ ಎಂಬ ಪ್ರಶ್ನೆಯ ಹಿಂದೆ ಸಂಶೋಧಕರು ಮುಂದಿನ ಹತ್ತು ವರ್ಷ ಬಿದ್ದರು.

ಲೆಕ್ಕದ ಕೂಡು–ಕಳೆ ಸರಿಯಿತ್ತು, ತೂಗುವ ತಕ್ಕಡಿ ಸರಿಯಿರಲಿಲ್ಲ. ಅದನ್ನು ಕಂಡುಹಿಡಿದವರು ಅದೇ ಒಟ್ಟಾವಾದ ಅದೇ ಮಂಡಳಿಯ ಡೇವಿಡ್ ಫಾಸ್ಟರ್ ಮತ್ತು ಲೊರೈನ್ ಫ್ರಿಡ್‌ಮನ್. ರುಬಿಡಿಯಂ ವಿಧಾನ ಒಂದು ನಂಬಿಕೆಯ ಮೇಲೆ ನಿಂತಿತ್ತು: ರಕ್ತ ಹಾದುಹೋಗುವಾಗ ಎಲ್ಲ ಅಂಗಾಂಶಗಳೂ ಆ ಲವಣವನ್ನು ಒಂದೇ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ ಎಂಬುದು. ಫಾಸ್ಟರ್ ಮತ್ತು ಫ್ರಿಡ್‌ಮನ್ ಅದನ್ನು ಕೈಬಿಟ್ಟು, ಮಿಲಿಮೀಟರಿನ ಸಾವಿರದಲ್ಲಿ 15 ಪಾಲಿನಷ್ಟು ಅಡ್ಡಗಲದ ವಿಕಿರಣಶೀಲ ಗೋಲಿಗಳನ್ನು ಇಲಿಯ ಹೃದಯದ ಎಡಭಾಗಕ್ಕೆ ಬಿಟ್ಟರು. ಈ ಗೋಲಿಗಳು ರಕ್ತದೊಡನೆ ಹರಿದು, ಲೋಮನಾಳಗಳ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೀರುವ ಮಾತೇ ಇಲ್ಲ. ಎಲ್ಲಿಗೆ ಹೆಚ್ಚು ರಕ್ತ ಹೋಗುತ್ತದೋ ಅಲ್ಲಿ ಹೆಚ್ಚು ಗೋಲಿ.

1978ರಲ್ಲಿ ಅವರು ಎರಡೂ ವಿಧಾನಗಳನ್ನು ಎದುರುಬದುರು ಇಟ್ಟು ಪ್ರಕಟಿಸಿದರು. ನಾರ್‌ಅಡ್ರಿನಲಿನ್ ಕೊಟ್ಟ ಇಲಿಯಲ್ಲಿ ಕಂದು ಕೊಬ್ಬಿಗೆ ರಕ್ತ ನುಗ್ಗುತ್ತಿತ್ತು, ರುಬಿಡಿಯಂ ಆ ಪ್ರವಾಹವನ್ನು ತೀರಾ ಕಡಿಮೆಯಾಗಿ ತೋರಿಸುತ್ತಿತ್ತು. ಅಲ್ಲಿಂದ ಹೊರಬರುವ ಅಭಿಧಮನಿಯ ರಕ್ತವನ್ನೂ ಅವರು ಪರೀಕ್ಷಿಸಿದರು. ಆಮ್ಲಜನಕವೆಲ್ಲ ಬಹುಮಟ್ಟಿಗೆ ಬಳಕೆಯಾಗಿಹೋಗಿತ್ತು. ಮರುವರ್ಷ ಚಳಿಯಲ್ಲೇ ಇಟ್ಟ, ಅರಿವಳಿಕೆ ಕೊಡದ ಇಲಿಗಳಲ್ಲಿ ಅಳೆದಾಗ ಚಿತ್ರ ಪೂರ್ತಿಯಾಯಿತು. ಕಡು ಚಳಿಯಲ್ಲಿ ಹೃದಯ ಹೊರದೂಡುವ ರಕ್ತದ ಸುಮಾರು ಕಾಲುಭಾಗ, ಮೈತೂಕದ ಒಂದೆರಡು ಪಾಲಿನಷ್ಟಿರುವ ಆ ಮುದ್ದೆಗೆ ಹೋಗುತ್ತಿತ್ತು. ನಡುಕವಿಲ್ಲದೆ ಹುಟ್ಟುವ ಶಾಖದಲ್ಲಿ ನೂರಕ್ಕೆ 60 ಪಾಲಾದರೂ ಅದರದೇ ಎಂದು ಅವರು ಲೆಕ್ಕ ಕೊಟ್ಟರು. ಸ್ಮಿತ್ ಹೇಳಿದ್ದು ನಿಜವಾಗಿತ್ತು. ಸಣ್ಣದೆಂದು ಪಕ್ಕಕ್ಕೆ ಸರಿಸಿದ್ದೇ ತಪ್ಪಾಗಿತ್ತು.

ಇಷ್ಟು ಪುಟ್ಟ ಅಂಗಾಂಶ ಅಷ್ಟು ಶಾಖ ಹುಟ್ಟಿಸುವುದು ಹೇಗೆ? ಇದರ ಉತ್ತರ ಬೇರೊಂದು ಹಾದಿಯಲ್ಲಿ ಸಿದ್ಧವಾಗುತ್ತಿತ್ತು. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಆಹಾರ ಸುಟ್ಟು ಎಟಿಪಿ ಎಂಬ ಶಕ್ತಿಯ ಅಣುಗಳನ್ನು ಮಾಡುತ್ತವೆ. ಅದು ನಡೆಯುವ ಬಗೆಯನ್ನು ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಮಿಚೆಲ್ ಹೇಳಿದ್ದನ್ನು ನಮ್ಮ ಲಿಂಗನಮಕ್ಕಿ ಅಣೆಕಟ್ಟನ್ನು ನೆನೆದರೆ ಅರ್ಥಮಾಡಿಕೊಳ್ಳುವುದು ಸುಲಭ. ಆಹಾರ ಸುಟ್ಟ ಶಕ್ತಿಯಿಂದ ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ಎತ್ತಿ ಕೂಡಿಹಾಕುವುದು, ನೀರನ್ನು ಅಣೆಕಟ್ಟಿನ ಹಿಂದೆ ನಿಲ್ಲಿಸಿದಂತೆ. ಅವು ಮರಳಿ ಒಳಗೆ ಬರುವ ದಾರಿಯಲ್ಲಿ ಎಟಿಪಿ ಮಾಡುವ ಚಕ್ರ ತಿರುಗುತ್ತದೆ, ವಿದ್ಯುದಾಗಾರದ ಟರ್ಬೈನಿನಂತೆ. ಸಾಮಾನ್ಯ ಕೋಶಗಳಲ್ಲಿ ಇದು ಅಚ್ಚುಕಟ್ಟಾಗಿ ನಡೆಯುತ್ತದೆ. ಕಂದು ಕೊಬ್ಬಿನಲ್ಲಿ ಮಾತ್ರ ಟರ್ಬೈನನ್ನು ಬಳಸಿ ಹೋಗುವ ಇನ್ನೊಂದು ತೂಬು ಇದೆ. ಅದು ತೆರೆದಾಗ ಪ್ರೋಟಾನುಗಳು ಯಾವ ಕೆಲಸವನ್ನೂ ಮಾಡದೆ ಧುಮುಕುತ್ತವೆ, ಕೂಡಿಟ್ಟ ಶಕ್ತಿಯೆಲ್ಲ ಶಾಖವಾಗುತ್ತದೆ.

ಈ ತೂಬನ್ನು ಹುಡುಕಿದ್ದರಲ್ಲಿ ಡೇವಿಡ್ ನಿಕೋಲ್ಸ್ ಹೆಸರು ದೊಡ್ಡದು. ಹ್ಯಾಮ್‌ಸ್ಟರ್ ಎಂಬ ದಂಶಕದ ಕಂದು ಕೊಬ್ಬಿನಿಂದ ಬೇರ್ಪಡಿಸಿದ ಮೈಟೊಕಾಂಡ್ರಿಯಗಳು ಪ್ರೋಟಾನುಗಳನ್ನು ಹಿಡಿದಿಡುತ್ತಲೇ ಇರಲಿಲ್ಲ. ಬೇರೆ ಅಂಗಾಂಶಗಳಲ್ಲಿ ಹೀಗಾದರೆ, ಬೇರ್ಪಡಿಸುವಾಗ ಮಾದರಿ ಕೆಟ್ಟಿದೆ ಎಂದು ಎಸೆದುಬಿಡುತ್ತಾರೆ. ಇಲ್ಲಿ ಹಾಗಿರಲಿಲ್ಲ. ಎಟಿಪಿಯ ಜಾತಿಗೇ ಸೇರಿದ ಜಿಡಿಪಿಯಂಥ ನ್ಯೂಕ್ಲಿಯೊಟೈಡ್ ಬೆರೆಸಿ, ಕೊಬ್ಬಿನಾಮ್ಲಗಳನ್ನು ತೆಗೆದುಹಾಕಿದರೆ ಸೋರಿಕೆ ನಿಲ್ಲುತ್ತಿತ್ತು. ಕೊಬ್ಬಿನಾಮ್ಲ ಸೇರಿಸಿದರೆ ಮತ್ತೆ ಸೋರುತ್ತಿತ್ತು. ಕೆಟ್ಟ ಪೊರೆ ಹೀಗೆ ಹೇಳಿದಂತೆ ಕೇಳುವುದಿಲ್ಲ. 1976ರಲ್ಲಿ ಫ್ರಾನ್ಸಿನ ಡೇನಿಯಲ್ ರಿಕಿಯೆ ಮತ್ತು ಕಾದೆರ್, ಚಳಿಯಲ್ಲಿಟ್ಟ ಇಲಿಗಳ ಕಂದು ಕೊಬ್ಬಿನಲ್ಲಿ ಸುಮಾರು 32,000 ಅಣುತೂಕದ ಪ್ರೋಟೀನೊಂದು ಹೆಚ್ಚುವುದನ್ನು ಕಂಡಿದ್ದರು. ನಿಕೋಲ್ಸ್ ಸಂಗಡಿಗರು 1978ರಲ್ಲಿ ನ್ಯೂಕ್ಲಿಯೊಟೈಡ್ ಅಂಟಿಕೊಳ್ಳುವ ಪ್ರೋಟೀನನ್ನು ಗುರುತು ಹಚ್ಚಿದಾಗ ಅದರ ತೂಕವೂ ಅಷ್ಟೇ ಇತ್ತು. 1980ರಲ್ಲಿ ಜರ್ಮನಿಯಲ್ಲಿ ಲಿನ್ ಮತ್ತು ಕ್ಲಿಂಗನ್‌ಬರ್ಗ್ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಆ ತೂಬು ಇದೇ. ಇಂದು ಅದನ್ನು ಯುಸಿಪಿ–1 ಎನ್ನುತ್ತಾರೆ.

ಈಗ ಇಡೀ ಸರಪಳಿ ಕೂಡಿಕೊಂಡಿತು. ಚರ್ಮಕ್ಕೆ ತಾಗಿದ ಚಳಿಯ ಸುದ್ದಿ ಮೆದುಳಿನ ಹೈಪೊಥಲಮಸ್ಸಿಗೆ ಹೋಗುತ್ತದೆ. ಅಲ್ಲಿಂದ ಅನುವೇದಕ ನರಗಳ ಮೂಲಕ ಕಂದು ಕೊಬ್ಬಿಗೆ ಆಜ್ಞೆ ಬರುತ್ತದೆ, ನರದ ತುದಿ ನಾರ್‌ಅಡ್ರಿನಲಿನ್ ಸುರಿಸುತ್ತದೆ. ಕೋಶದೊಳಗಿನ ಕೊಬ್ಬಿನ ಹನಿಗಳು ಒಡೆದು ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ಅವೇ ಉರುವಲು, ತೂಬು ತೆರೆಯುವ ಕೀಲಿಯೂ ಅವೇ. ಗೆಸ್ನರನನ್ನು ಗೊಂದಲಕ್ಕೆ ಕೆಡವಿದ ಆ ಬಣ್ಣ, ಕೋಶದ ತುಂಬ ಕಿಕ್ಕಿರಿದ ಮೈಟೊಕಾಂಡ್ರಿಯಗಳಲ್ಲಿರುವ ಕಬ್ಬಿಣದಿಂದ ಬಂದದ್ದು.

ತೂಬಿಗೆ ಕಡಿವಾಣವಿರುವುದು ಎಷ್ಟು ಮುಖ್ಯವೆಂದು ತಿಳಿಯಲು ಡೈನೈಟ್ರೊಫಿನಾಲ್ ಎಂಬ ರಾಸಾಯನಿಕದ ಕತೆ ಸಾಕು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಅದನ್ನು ಮುಟ್ಟಿದ ಕೆಲಸಗಾರರು ಜ್ವರ ಬಂದವರಂತೆ ಬೆವೆತು, ಸೊರಗಿ, ಕೆಲವರು ಸತ್ತೂಹೋದರು. ಅದು ಮೈಟೊಕಾಂಡ್ರಿಯದ ಪೊರೆಯನ್ನು ಮೈಯ ಎಲ್ಲ ಕೋಶಗಳಲ್ಲೂ ಸೋರಿಸುತ್ತದೆ. 1933ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಅದನ್ನೇ ತೂಕ ಇಳಿಸುವ ಔಷಧಿಯಾಗಿ ಪ್ರಯೋಗಿಸಿದರು. ತೂಕ ನಿಜಕ್ಕೂ ಇಳಿಯಿತು. ಪ್ರಮಾಣ ಸ್ವಲ್ಪ ಮೀರಿದರೆ ಮೈ ಒಳಗಿಂದಲೇ ಬೆಂದು ಜನ ಸತ್ತರು, ಕೆಲವರ ಕಣ್ಣಿಗೆ ಪೊರೆ ಬಂತು. 1938ರಲ್ಲಿ ಅಮೆರಿಕ ಅದನ್ನು ಜನರ ಬಳಕೆಯಿಂದ ತೆಗೆದುಹಾಕಿತು. ಇಂದಿಗೂ ಅದನ್ನು ಕಳ್ಳತನದಲ್ಲಿ ತರಿಸಿ ನುಂಗುವವರಿದ್ದಾರೆ ಎನ್ನುವುದು ಬೇಸರದ ಸಂಗತಿ.

1997ರಲ್ಲಿ ಯುಸಿಪಿ–1 ಇಲ್ಲದ ಚಿಕ್ಕ ಜಾತಿಯ ಇಲಿಗಳನ್ನು ತಳಿ ಮಾಡಿ ನೋಡಲಾಯಿತು. ಚಳಿಗೆ ದೂಡಿದೊಡನೆ ಅವು ತಣ್ಣಗಾದವು, ನಿರೀಕ್ಷೆಯಂತೆ. ಮುಂದೆ 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಾರ್ಬರಾ ಕ್ಯಾನನ್ ಮತ್ತು ಯಾನ್ ನೆಡರ್‌ಗಾರ್ಡ್ ದಂಪತಿಯ ಗುಂಪು ಇಂಥ ಇಲಿಗಳನ್ನು ಮೊದಲು 18 ಡಿಗ್ರಿಯಲ್ಲಿಟ್ಟು ರೂಢಿಸಿ, ಆಮೇಲೆ 4 ಡಿಗ್ರಿಗೆ ಇಳಿಸಿತು. ಅವು ಬದುಕಿಕೊಂಡವು. ಹೇಗೆಂದರೆ, ದಿನವೂ, ವಾರಗಟ್ಟಲೆ, ನಡುಗುತ್ತ. ಒಟ್ಟಾವಾದ ಇಲಿಗಳು ಬಿಟ್ಟ ನಡುಕವನ್ನು ಇವು ಬಿಡಲಾಗಲಿಲ್ಲ. ಕಂದು ಕೊಬ್ಬಿನ ಯುಸಿಪಿ–1 ಹೊರತು ನಡುಕಕ್ಕೆ ಬದಲಿಯಾಗುವ ಬೇರೆ ದಾರಿ ಇಲಿಗಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ? ಪ್ರಕೃತಿ ಇದೇ ಪ್ರಯೋಗವನ್ನು ಹಂದಿಯಲ್ಲಿ ಎಂದೋ ಮಾಡಿ ಮುಗಿಸಿತ್ತು. ಹಂದಿಯ ಪೂರ್ವಜರಲ್ಲಿ ಈ ಜೀನು ತುಂಡಾಗಿ ಕೆಟ್ಟುಹೋಗಿದೆ. ಹಂದಿಮರಿಗಳು ಹುಟ್ಟಿದ ಗಳಿಗೆಯಿಂದ ನಡುಗುತ್ತವೆ, ಒಂದರ ಮೇಲೊಂದು ಬಿದ್ದು ಮಲಗುತ್ತವೆ; ಕಾಡುಹಂದಿ ಈಯುವ ಮೊದಲು ಸೊಪ್ಪುಸದೆ ಒಟ್ಟಿ ಗೂಡು ಕಟ್ಟುತ್ತದೆ.

ಇನ್ನು ದೊಡ್ಡ ಮನುಷ್ಯರು. ಕೂಸಿನಲ್ಲಿರುವ ಕಂದು ಕೊಬ್ಬು ಬೆಳೆಯುತ್ತ ಮಾಯವಾಗುತ್ತದೆ ಎಂದೇ ಪಠ್ಯಗಳಲ್ಲಿತ್ತು. ಉತ್ತರ ಫಿನ್‌ಲೆಂಡಿನಲ್ಲಿ ಬಯಲಿನಲ್ಲಿ ದುಡಿಯುತ್ತಿದ್ದವರ ಶವಪರೀಕ್ಷೆಯಲ್ಲಿ ಅದು ಸಿಕ್ಕಿದೆ ಎಂದು 1981ರಲ್ಲೇ ವರದಿ ಬಂದಿತ್ತು, ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಆಮೇಲೆ ಪೆಟ್ ಸ್ಕ್ಯಾನ್ ಬಂತು. ಕ್ಯಾನ್ಸರ್ ಗಂತಿ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದರಿಂದ, ವಿಕಿರಣದ ಗುರುತು ಹಚ್ಚಿದ ಸಕ್ಕರೆ ಕೊಟ್ಟು ಅದೆಲ್ಲಿ ಸೇರುತ್ತದೆಂದು ನೋಡುವ ಪರೀಕ್ಷೆ ಇದು. ಕೆಲವು ರೋಗಿಗಳಲ್ಲಿ ಕುತ್ತಿಗೆಯ ಎರಡೂ ಬದಿ, ಕೊರಳೆಲುಬಿನ ಮೇಲೆ ಸಮನಾಗಿ ಹೊಳಪು ಕಾಣುತ್ತಿತ್ತು. ಗಂತಿಯಾದರೆ ಎರಡೂ ಕಡೆ ಹೀಗೆ ತೂಗಿಟ್ಟಂತೆ ಇರುವುದಿಲ್ಲ. ಹೆದರಿ ಬಿಗಿಹಿಡಿದ ಸ್ನಾಯುಗಳಿರಬೇಕೆಂದು ವೈದ್ಯರು ರೋಗಿಗೆ ಡಯಾಜೆಪಾಮ್ ಮಾತ್ರೆ ಕೊಟ್ಟು ಶಾಂತಗೊಳಿಸುತ್ತಿದ್ದರು. ಇಲ್ಲೂ ಮೊದಲ ಅನುಮಾನ ಸ್ನಾಯುವಿನ ಮೇಲೆಯೇ ಹೋದದ್ದನ್ನು ಗಮನಿಸಿ.

ಪೆಟ್ ಮತ್ತು ಸಿಟಿ ಎರಡನ್ನೂ ಒಟ್ಟಿಗೆ ತೆಗೆಯುವ ಯಂತ್ರ ಬಂದಮೇಲೆ ಜಾಗ ಖಚಿತವಾಯಿತು. ಹೊಳೆಯುತ್ತಿದ್ದದ್ದು ಸ್ನಾಯುವಲ್ಲ, ಕೊಬ್ಬು. 2002ರಲ್ಲಿ ಇದನ್ನು ಕಂದು ಕೊಬ್ಬೆಂದು ಬರೆದವರು ಜ್ಯೂರಿಕ್ಕಿನ ವಿಶ್ವವಿದ್ಯಾಲಯದ ಆಸ್ಪತ್ರೆಯವರು, ಗೆಸ್ನರನ ಊರಿನವರು! ಬಾಲ್ಟಿಮೋರಿನಲ್ಲಿ ಚಳಿಗಾಲದ ಸ್ಕ್ಯಾನುಗಳಲ್ಲಿ ಹೊಳಪು ಹೆಚ್ಚೆಂದು ಗೊತ್ತಾಯಿತು. ಇಷ್ಟಾದರೂ ಈ ಮಾತು ಸ್ಕ್ಯಾನ್ ವಿಭಾಗದ ಪತ್ರಿಕೆಗಳಲ್ಲೇ ಉಳಿದಿತ್ತು. ಸ್ಟಾಕ್‌ಹೋಮಿನ ಆ ದಂಪತಿ ಸಂಗಡಿಗನೊಬ್ಬನೊಡನೆ 2007ರಲ್ಲಿ ಅದನ್ನೆಲ್ಲ ಕಲೆಹಾಕಿ, ದೇಹಕ್ರಿಯೆ ಓದುವವರ ಮುಂದಿಟ್ಟರು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಮೂರು ಪ್ರಬಂಧಗಳು ಬಂದವು. ಬಾಸ್ಟನ್ನಿನವರು 1,972 ರೋಗಿಗಳ ಹಳೆಯ ಸ್ಕ್ಯಾನುಗಳನ್ನು ತೆಗೆದು ನೋಡಿ, ಹೆಂಗಸರಲ್ಲಿ ನೂರಕ್ಕೆ 7.5, ಗಂಡಸರಲ್ಲಿ 3.1 ಮಂದಿಯಲ್ಲಿ ಅದನ್ನು ಕಂಡರು. ಮಾಸ್ಟ್ರಿಕ್ಟ್‌ನವರು 24 ಯುವಕರನ್ನು 16 ಡಿಗ್ರಿಯ ಕೋಣೆಯಲ್ಲಿ ಕೂರಿಸಿದರು. 23 ಮಂದಿಯಲ್ಲಿ ಹೊಳಪು ಕಂಡಿತು. ಫಿನ್‌ಲೆಂಡಿನ ಟುರ್ಕುವಿನವರು ಐವರನ್ನು ಚಳಿಗೊಡ್ಡಿ ಸ್ಕ್ಯಾನ್ ಮಾಡಿದ್ದಲ್ಲದೆ, ಆ ಜಾಗದ ಚೂರು ತೆಗೆದು ಯುಸಿಪಿ–1 ಇರುವುದನ್ನೂ ತೋರಿಸಿದರು. ಬೆಚ್ಚನೆ ಕೋಣೆಯಲ್ಲಿ ಹುಡುಕಿದವರಿಗೆ ಅದು ಅಪರೂಪವಾಗಿಯೂ, ಚಳಿಯಲ್ಲಿ ಹುಡುಕಿದವರಿಗೆ ಬಹುತೇಕ ಎಲ್ಲರಲ್ಲಿಯೂ ಸಿಕ್ಕಿತು.

ಬೊಜ್ಜು ಕರಗಿಸುವ ಆಸೆ ಆಗಲೇ ಚಿಗುರಿತು, ಅದು ಚಿಗುರದಿದ್ದರೆ ಆಶ್ಚರ್ಯ. ಮೂತ್ರಕೋಶದ ತೊಂದರೆಗೆ ಕೊಡುವ ಮಿರಾಬೆಗ್ರಾನ್ ಎಂಬ ಮಾತ್ರೆಯನ್ನು ರೂಢಿಯ ಪ್ರಮಾಣದ ನಾಲ್ಕು ಪಟ್ಟು ಕೊಟ್ಟು 2015ರಲ್ಲಿ ನೋಡಿದಾಗ, ಕಂದು ಕೊಬ್ಬು ಎಚ್ಚೆತ್ತು ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿಯಷ್ಟು ಹೆಚ್ಚು ಸುಡುವ ವೇಗ ಕಂಡಿತು, ಜೊತೆಗೆ ಎದೆಬಡಿತವೂ ಏರಿತು. ಅಷ್ಟು ಕ್ಯಾಲೊರಿಗೆ ಎರಡು ಚಪಾತಿ ಕಡಿಮೆ ತಿಂದರೆ ಸಾಕೇನೋ. ಸದ್ಯಕ್ಕೆ ಈ ಆವಿಷ್ಕಾರದ ನೇರ ಉಪಯೋಗ ಕ್ಯಾನ್ಸರ್ ವಿಭಾಗದಲ್ಲಿದೆ. ಪೆಟ್ ಸ್ಕ್ಯಾನಿಗೆ ಬಂದವರನ್ನು, ಸಕ್ಕರೆಯ ಸೂಜಿ ಚುಚ್ಚುವ ಮೊದಲೇ ಬೆಚ್ಚನೆ ಕೋಣೆಯಲ್ಲಿ ಕೂರಿಸಿ ಕಂಬಳಿ ಹೊದಿಸುತ್ತಾರೆ. ಅಗತ್ಯ ಬಿದ್ದರೆ ನಾರ್‌ಅಡ್ರಿನಲಿನ್‌ನ ಆಜ್ಞೆಯನ್ನು ತಡೆಯುವ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಕೊಡುತ್ತಾರೆ. ಕುತ್ತಿಗೆಯ ಕಂದು ಕೊಬ್ಬು ಹೊತ್ತಿಕೊಂಡರೆ ಅದರ ಹೊಳಪಿನಲ್ಲಿ ನಿಜವಾದ ಗಂತಿ ಕಣ್ಣು ತಪ್ಪಿಸಿಕೊಳ್ಳಬಹುದು.